ಕಪಾಟು ಏರಿದ ಸ್ಪೈಡರ್-ಮ್ಯಾನ್

ಇಟ್ಟಿಗೆ, ಹೆಂಚಿಗೆ ಹೆಸರಾದ ಮಾಲೂರಿಗೆ ಕೆಲಸಕ್ಕೆಂದು ಬಂದು ನೆಲೆಸಿದ ನಮ್ಮ ಮನೆಗಳಲ್ಲಿ ಮಕ್ಕಳ ಪೆರ್ನಾಲ್ ಕಾಸು ಈಗ ಎಲ್ಲಿಗೆ ಹೋಗುತ್ತದೆ ಗೊತ್ತಾ? ಸ್ಪೈಡರ್-ಮ್ಯಾನ್ ಗೊಂಬೆಗೆ!

2023ರ ಜೂನ್‌ನಲ್ಲಿ ಬಂದ 'ಸ್ಪೈಡರ್-ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್' ಆನಿಮೇಷನ್ ಚಿತ್ರ ಕನ್ನಡವೂ ಸೇರಿ 10 ಭಾಷೆಗಳಲ್ಲಿ ಭಾರತದಲ್ಲಿ ತೆರೆಕಂಡಿತು. ಅದರಲ್ಲಿ ನಮ್ಮ ದೇಶದ ಹುಡುಗನೂ ಒಬ್ಬನಿದ್ದಾನೆ, ಪವಿತ್ರ್ ಪ್ರಭಾಕರ್. 2004ರಲ್ಲಿ ಕಾಮಿಕ್ ಪುಸ್ತಕದಲ್ಲಿ ಹುಟ್ಟಿದವನು. ಹ್ಯಾಸ್‌ಬ್ರೋ ಕಂಪೆನಿಯ ಅವನ 6 ಇಂಚಿನ ಗೊಂಬೆ ಕೈಕಾಲು ಮಡಚುತ್ತದೆ, ಹೇಳಿದ ಹಾಗೆ ನಿಲ್ಲುತ್ತದೆ. ಅವನು ಬಂದರೆ ಮೈಲ್ಸ್ ಬೇಕು, ಮೈಲ್ಸ್ ಬಂದರೆ ಗ್ವೆನ್ ಬೇಕು. ಇದಕ್ಕೆ ಕೊನೆಯೇ ಇಲ್ಲ.

ಅಸಲಿ ಗೊಂಬೆ ದುಬಾರಿ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತ್ತು. ಹಾಗಾಗಿ ಸಂತೆಯ ಅಗ್ಗದ ನಕಲಿಗೆ ಮನಸ್ಸು ಹೋಗುವುದು ಸಹಜ. ಆದರೆ ನಕಲಿಯ ಕೈ, ಮುಖವಾಡ ಬೇಗ ಕಳಚುತ್ತವೆ. ಅಣ್ಣನ ಗೊಂಬೆಯ ತುಂಡು ಪುಟ್ಟ ತಂಗಿಯ ಬಾಯಿಗೆ ಹೋದರೆ ಉಸಿರೇ ಕಟ್ಟೀತು.

2021ರ ಜನವರಿ 1ರಿಂದ ಇಲ್ಲಿ ಮಾರುವ ಮಕ್ಕಳ ಆಟಿಕೆಗೆ ಐಎಸ್‌ಐ ಮುದ್ರೆ ಕಡ್ಡಾಯ. ಕೊಳ್ಳುವ ಮೊದಲು ಅದನ್ನೂ, ಡಬ್ಬದ ಮೇಲಿನ ವಯಸ್ಸನ್ನೂ ನೋಡೋಣ. ಗಲ್ಫ್‌ನಿಂದ ಬರುವವರಿಗೂ ವಯಸ್ಸು ನೋಡಿಯೇ ತರಲು ಹೇಳೋಣ.

ಮಕ್ಕಳ ಆಸೆಗೆ ಬೇಡ ಅನ್ನುವುದು ಬೇಡ. ಪೆರ್ನಾಲಿಗೆ ಒಂದು ಸಾಕು. ಯಾವುದು ಅಂತ ಅವರೇ ಆರಿಸಲಿ. ಆಡಿದ ಮೇಲೆ ತುಂಡುಗಳನ್ನು ಎಣಿಸಿ ಡಬ್ಬಕ್ಕೆ ಹಾಕಲಿ, ಡಬ್ಬ ಮೇಲಿನ ಕಪಾಟಿನಲ್ಲಿರಲಿ. ಗೊಂಬೆಯೂ ಬಾಳುತ್ತದೆ, ತಂಗಿಯೂ ಸುಖವಾಗಿರುತ್ತಾಳೆ.