ಮೂಗಿಗೇ ಲಸಿಕೆ ಯಾಕೆ?

ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ಏಳುವ ದೂಳು ಮೊದಲು ತಾಗುವುದು ಮೂಗಿನ ಒಳಪೊರೆಗೆ. ಬಾದಾಮಿ ಸಂತೆಯಲ್ಲೋ ಹುನಗುಂದದ ಬಸ್ಸಿನಲ್ಲೋ ಪಕ್ಕದವರು ಕೆಮ್ಮಿದರೆ ವೈರಸ್ ಇಳಿಯುವುದೂ ಅಲ್ಲೇ.

ಆ ಪೊರೆ ಸುಮ್ಮನೆ ಕೂತಿಲ್ಲ. ಅಂಟಾದ ಲೋಳೆ ಬಂದದ್ದನ್ನು ಹಿಡಿಯುತ್ತದೆ, ಸೂಕ್ಷ್ಮ ರೋಮಗಳು ಅದನ್ನು ಗಂಟಲಿನತ್ತ ತಳ್ಳುತ್ತವೆ. ಲೋಳೆಯಲ್ಲಿರುವ ಐಜಿಎ ಎಂಬ ಪ್ರತಿಕಾಯ, ವೈರಸ್ ಜೀವಕೋಶಕ್ಕೆ ಅಂಟುವ ಮೊದಲೇ ಅದನ್ನು ಕಟ್ಟಿಹಾಕುತ್ತದೆ.

ತೋಳಿಗೆ ಹಾಕುವ ಚುಚ್ಚುಮದ್ದು ಮುಖ್ಯವಾಗಿ ರಕ್ತದಲ್ಲಿ ಐಜಿಜಿ ಎಂಬ ಇನ್ನೊಂದು ಪ್ರತಿಕಾಯ ಬೆಳೆಸುತ್ತದೆ. ಅದು ಶ್ವಾಸಕೋಶವನ್ನು ಕಾಯುತ್ತದೆ, ಜೀವ ಉಳಿಸುತ್ತದೆ. ಮೂಗಿಗೆ ತಲುಪುವುದು ಕಡಿಮೆ. ಕೋವಿಡ್ ಲಸಿಕೆ ಪಡೆದವರಿಗೂ ಸೋಂಕು ತಗುಲಿದ್ದಕ್ಕೆ ಇದೊಂದು ಕಾರಣ. ಲಸಿಕೆ ಸೋತಿತು ಎಂದಲ್ಲ, ದಯವಿಟ್ಟು ಹಾಗೆ ಹೇಳಬೇಡಿ.

ಹಾಗಾದರೆ ಮೂಗಿಗೇ ಲಸಿಕೆ? ಹೈದರಾಬಾದಿನ ಭಾರತ್ ಬಯೋಟೆಕ್ ಮಾಡಿದ ಇನ್‌ಕೊವ್ಯಾಕ್ ಎಂಬ ಕೋವಿಡ್ ಲಸಿಕೆಗೆ 2022ರ ಸೆಪ್ಟೆಂಬರ್‌ನಲ್ಲಿ ಅನುಮತಿ ಸಿಕ್ಕಿತು. 2023ರ ಜನವರಿ 26ರಂದು ಬಿಡುಗಡೆಯಾಯಿತು. ಪ್ರತಿ ಹೊಳ್ಳೆಗೆ 4 ಹನಿ, 28 ದಿನ ಬಿಟ್ಟು ಎರಡನೇ ಡೋಸ್. ಸೋಂಕು ಹರಡುವುದನ್ನು ಇದು ಎಷ್ಟು ತಡೆಯುತ್ತದೆ ಎಂಬುದು ಇನ್ನೂ ದೃಢಪಟ್ಟಿಲ್ಲ. ಆದರೆ ದಾರಿ ಹೊಸದಲ್ಲ: ಪೋಲಿಯೊ ಹನಿ ನಮ್ಮ ಮಕ್ಕಳ ಕರುಳಿನ ಪೊರೆಯಲ್ಲಿ ಇಂಥದೇ ರಕ್ಷಣೆ ಬೆಳೆಸಿದೆ.

ಕ್ವಾರಿ ಕಾರ್ಮಿಕರ ವಿಷಯ ಇನ್ನೂ ಗಂಭೀರ. ಸಿಲಿಕಾ ದೂಳು ಶ್ವಾಸಕೋಶದ ರಕ್ಷಕ ಕೋಶಗಳನ್ನೇ ಕೊಲ್ಲುತ್ತದೆ, ಕ್ಷಯದ ಅಪಾಯ ಹೆಚ್ಚಿಸುತ್ತದೆ. ಯಾವ ಲಸಿಕೆಯೂ ದೂಳನ್ನು ತಡೆಯದು. ನೀರು ಹಾಯಿಸಿ ಕಲ್ಲು ಕೊರೆಸುವುದು, ಒಳ್ಳೆಯ ಮಾಸ್ಕ್ ಕೊಡುವುದು ಮಾಲೀಕರ ಹೊಣೆ. ಕೆಮ್ಮು ಎರಡು ವಾರ ಮೀರಿದರೆ ಬಾಗಲಕೋಟೆ ಜಿಲ್ಲಾಸ್ಪತ್ರೆಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಹೋಗಿ. ಕಫ ಪರೀಕ್ಷೆ ಉಚಿತ.