ಗುಡ್ಡದ ಮೇಲಿನ ಕಣ್ಣು, ಕಡಲೊಳಗಿನ ನೆರಳು

ಕೇಪ್‌ಟೌನ್‌ನಿಂದ ಸೈಮನ್ಸ್‌ಟೌನ್‌ಗೆ ಹೋಗುವ ಲೋಕಲ್ ರೈಲು ಮ್ಯೂಜೆನ್‌ಬರ್ಗ್ ಮುಟ್ಟಿದ್ದೇ ತಡ, ಕಡಲಿಗೆ ಮೈ ತಾಗಿಸಿಕೊಂಡು ಓಡತೊಡಗುತ್ತದೆ. ಎಡಕ್ಕೆ ಫಾಲ್ಸ್ ಬೇ ಕೊಲ್ಲಿ, ಬಲಕ್ಕೆ ಕಡಿದಾದ ಕಲ್ಲುಗುಡ್ಡ. ನಡುವೆ ಹಳಿಗೂ ರಸ್ತೆಗೂ ಒಂದಿಷ್ಟು ಹಳೆಯ ಮನೆಗಳಿಗೂ ಸಾಲುವಷ್ಟೇ ನೆಲ. ಮರಳಿನ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಳಿದ ಮರದ ಪುಟ್ಟ ಕೋಣೆಗಳ ಸಾಲು. ಈಜಲು ಬಂದವರು ಬಟ್ಟೆ ಬದಲಿಸಲೆಂದು ಕಟ್ಟಿದವು. ಇಲ್ಲಿನ ಅಲೆ ಎದ್ದು ಅಪ್ಪಳಿಸುವಂಥದ್ದಲ್ಲ. ದೂರದಲ್ಲೇ ಮುರಿದು, ನೊರೆ ಹೊತ್ತು, ದಡದ ತನಕ ಸಾವಕಾಶವಾಗಿ ಉರುಳಿ ಬರುತ್ತದೆ. ಸರ್ಫಿಂಗ್ ಕಲಿಯುವವರಿಗೆ ಹೇಳಿ ಮಾಡಿಸಿದ ನೀರು. 1922ರಲ್ಲಿ ಅಗಾಥಾ ಕ್ರಿಸ್ಟಿ ಹಲಗೆ ಹಿಡಿದು ಇಳಿದದ್ದೂ ಇಲ್ಲಿಗೇ. ಬಿಸಿಲು ಚೆನ್ನಾಗಿರುವ ಭಾನುವಾರವೆಂದರೆ ಅಲೆಗಳ ನಡುವೆ ತಲೆಗಳೋ ತಲೆಗಳು: ಕಪ್ಪು ರಬ್ಬರ್ ಉಡುಪಿನ ಶಾಲಾ ಮಕ್ಕಳು, ಅವರ ಹಲಗೆಯನ್ನು ಹಿಂದಿನಿಂದ ಅಲೆಗೆ ದೂಡಿಕೊಡುವ ತರಬೇತುದಾರರು, ಅರವತ್ತು ದಾಟಿದ ಗಂಡಸರು, ಹೆಂಗಸರು.

ನೀರಿಗಿಳಿಯುವ ಮುನ್ನ ಬಾವುಟ ನೋಡುವುದು ಇಲ್ಲಿನ ವಾಡಿಕೆ. ಹಸಿರು ಹಾರುತ್ತಿದ್ದರೆ ನೀರು ತಿಳಿಯಾಗಿದೆ, ನೋಟ ನಿಚ್ಚಳವಾಗಿದೆ, ಶಾರ್ಕ್ ಕಂಡಿಲ್ಲ. ಕೆಂಪಿದ್ದರೆ ಸ್ವಲ್ಪ ಹೊತ್ತಿನ ಹಿಂದೆ ಬಂದಿತ್ತು, ಈಗ ಕಣ್ಣಿಗೆ ಬೀಳುತ್ತಿಲ್ಲ, ಜೋಕೆ. ಕಪ್ಪು ಶಾರ್ಕ್ ಬರೆದ ಬಿಳಿಯ ಬಾವುಟ ಏರಿ ಸೈರನ್ ಕೂಗಿತೆಂದರೆ ಅದು ಈಗಲೇ ಇಲ್ಲಿದೆ, ಎಲ್ಲರೂ ದಡಕ್ಕೆ ಬನ್ನಿ. ಇನ್ನೊಂದು ಬರೀ ಕಪ್ಪು ಬಾವುಟ. ನೀರು ಕದಡಿದೆ, ಇಲ್ಲವೇ ಮೋಡವೋ ಗಾಳಿಯೋ ನೋಟಕ್ಕೆ ಅಡ್ಡ ಬಂದಿದೆ. ಶಾರ್ಕ್ ಕಂಡಿಲ್ಲ, ಇದ್ದರೂ ಕಾಣುವಂತಿಲ್ಲ. ನಾಲ್ಕರಲ್ಲಿ ನನಗೆ ಬಹಳ ಹಿಡಿಸಿದ್ದು ಈ ಕಪ್ಪು ಬಾವುಟವೇ. ಜನರ ಜೀವದ ವಿಷಯದಲ್ಲಿ ತನ್ನ ಕಣ್ಣಿನ ಮಿತಿಯನ್ನು ಹೀಗೆ ಎತ್ತಿ ಹಾರಿಸುವ ವ್ಯವಸ್ಥೆಯ ಮೇಲೆ ನಂಬಿಕೆ ತಾನಾಗಿ ಹುಟ್ಟುತ್ತದೆ.

ಬಾವುಟದ ಬಣ್ಣ ತೀರ್ಮಾನವಾಗುವುದು ಮೇಲೆ, ಗುಡ್ಡದ ಸೊಂಟಕ್ಕೆ ಸುತ್ತಿಕೊಂಡ ಬಾಯ್ಸ್ ಡ್ರೈವ್ ರಸ್ತೆಯಲ್ಲಿ. ಅಲ್ಲಿ ಪಾಳಿಯ ಮೇಲೆ ಕೂರುವವರ ಬಳಿ ಇರುವುದು ಪೋಲರಾಯ್ಡ್ ಕನ್ನಡಕ, ದುರ್ಬೀನು, ದಡದ ಜೊತೆಗಾರನೊಡನೆ ಮಾತಾಡಲು ರೇಡಿಯೊ. ಕನ್ನಡಕ ನೀರಿನ ಮೇಲ್ಮೈಯ ಪ್ರತಿಫಲನವನ್ನು ಕಳೆಯುತ್ತದೆ, ಕೆಳಗಿನ ಮರಳು ತೋರುತ್ತದೆ. ಬಿಳಿ ಶಾರ್ಕ್ ಎಂಬ ಹೆಸರೇನೋ ಇದೆ, ಬಿಳುಪಿರುವುದು ಹೊಟ್ಟೆಗೆ ಮಾತ್ರ, ಬೆನ್ನು ಬೂದಿಗಪ್ಪು. ಕೆಳಗಿನಿಂದ ನೋಡುವ ಬೇಟೆಗೆ ಅದು ಬೆಳಕಿನಲ್ಲಿ ಕರಗುತ್ತದೆ, ಮೇಲಿನಿಂದ ನೋಡಿದರೆ ಆಳದ ಕತ್ತಲಲ್ಲಿ ಕರಗುತ್ತದೆ. ಆದರೆ ಮ್ಯೂಜೆನ್‌ಬರ್ಗ್‌ನ ಆಳವಿಲ್ಲದ ನೀರು, ತಿಳಿಬಣ್ಣದ ಮರಳು ಅದರ ಈ ಮರೆಯನ್ನು ಕಸಿದುಕೊಳ್ಳುತ್ತವೆ. ನಾಲ್ಕು ಮೀಟರ್ ಉದ್ದದ ಕಡುನೆರಳೊಂದು ಅಲೆಗಳ ಹಿಂದೆ ತಳದಗುಂಟ ಸಾಗುವುದು ಗುಡ್ಡದವನಿಗೆ ಕಾಣುತ್ತದೆ. ಅಲ್ಲೇ ಮಾರು ದೂರದಲ್ಲಿ ಹಲಗೆಯ ಮೇಲೆ ಕೂತು ಅಲೆಗೆ ಕಾಯುತ್ತಿರುವವನಿಗೆ ಏನೂ ಕಾಣುವುದಿಲ್ಲ. ಪಾಚಿಯ ರಾಶಿಯೋ, ಮೋಡದ ನೆರಳೋ, ಮೀನಿನ ಹಿಂಡೋ, ಶಾರ್ಕೋ ಎಂದು ಕ್ಷಣದಲ್ಲಿ ಬಗೆಹರಿಯಬೇಕು. ನೆರಳಿಗೆ ಬಾಲವಿದೆಯೇ, ಬಾಲ ಅತ್ತಿತ್ತ ಬೀಸುತ್ತಿದೆಯೇ ಎಂದು ನೋಡುತ್ತಾರೆ. ರೇಡಿಯೊ ಮಾತಾಡುತ್ತದೆ, ಕೆಳಗೆ ಸೈರನ್ ಏಳುತ್ತದೆ, ಹಲಗೆಗಳೆಲ್ಲ ಮೂತಿ ತಿರುಗಿಸಿ ದಡಕ್ಕೆ ಹೊರಡುತ್ತವೆ. ಜನ ಮರಳಿನ ಮೇಲೆ ನಿಂತು ಕಾಯುತ್ತಾರೆ. ಶಾರ್ಕ್ ತನ್ನ ದಾರಿ ಹಿಡಿದು ಹೋಗುತ್ತದೆ. ಮತ್ತೆ ಎಲ್ಲರೂ ನೀರಿಗೆ.

ಈ ಕಾವಲಿಗೆ ‘ಶಾರ್ಕ್ ಸ್ಪಾಟರ್ಸ್’ ಎಂದು ಹೆಸರು, ಆರಂಭವಾದದ್ದು 2004ರಲ್ಲಿ. ಗುಡ್ಡದಿಂದ ಕಡಲು ಓದುವುದು ಮಾತ್ರ ಅದಕ್ಕಿಂತ ಬಹಳ ಹಳೆಯ ವಿದ್ಯೆ. ದಡದಿಂದ ಬೀಸಿ ಎಳೆಯುವ ‘ಟ್ರೆಕ್’ ಬಲೆಯ ಮೀನುಗಾರರು ಇಲ್ಲಿದ್ದಾರೆ. ಅವರ ಕಡೆಯವನೊಬ್ಬ ಎತ್ತರದಲ್ಲಿ ನಿಂತು ಯೆಲ್ಲೋಟೇಲ್ ಮೀನಿನ ಹಿಂಡು ಎಲ್ಲಿದೆಯೆಂದು ಸನ್ನೆ ಮಾಡಿದರೆ ಕೆಳಗಿನವರು ದೋಣಿ ನೂಕುತ್ತಾರೆ. ನಮ್ಮ ಕರಾವಳಿಯ ರಂಪಣಿ ಎಳೆದವರಿಗೆ, ಬಂಗುಡೆ ಹಿಂಡಿಗೆ ನೀರಿನ ಬಣ್ಣ ತಿರುಗುವುದನ್ನು ದಡದಲ್ಲೇ ನಿಂತು ಗುರುತಿಸಿದವರಿಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೀನು ಹಿಡಿಯಲು ಬೆಳೆದ ಕಣ್ಣು ಜನರನ್ನೂ ಶಾರ್ಕನ್ನೂ ಒಟ್ಟಿಗೆ ಕಾಯಲು ಒದಗಿತು.

ಶಾರ್ಕನ್ನೂ ಕಾಯುವುದು ಎಂದು ಬೇಕೆಂದೇ ಹೇಳಿದೆ. 1991ರಲ್ಲಿ ಬಿಳಿ ಶಾರ್ಕ್‌ಗೆ ಕಾನೂನಿನ ರಕ್ಷಣೆ ಕೊಟ್ಟ ಮೊದಲ ದೇಶ ದಕ್ಷಿಣ ಆಫ್ರಿಕಾ. ಅದೇ ದೇಶದ ಪೂರ್ವ ತೀರದ ಡರ್ಬಾನ್‌ನಲ್ಲಿ 1952ರಿಂದಲೂ ನೀರಿನಲ್ಲಿ ಶಾರ್ಕ್ ಬಲೆಗಳಿವೆ. ಅವು ಗೋಡೆಯಲ್ಲ, ಮೇಲಿಂದ, ಕೆಳಗಿನಿಂದ, ಪಕ್ಕದಿಂದ ಶಾರ್ಕ್ ನುಸುಳಬಹುದು. ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ಉಸಿರುಗಟ್ಟಿ ಸಾಯುತ್ತವೆ. ಜೊತೆಗೆ ಡಾಲ್ಫಿನ್, ಆಮೆ, ತೊರಕೆ ಮೀನುಗಳೂ. ಅಂದರೆ ಆ ಬಲೆಗಳು ಸುರಕ್ಷತೆ ಕೊಡುವುದು ಶಾರ್ಕ್‌ಗಳ ಸಂಖ್ಯೆಯನ್ನು ತಗ್ಗಿಸಿ. ಕೇಪ್‌ಟೌನ್ ಆ ದಾರಿ ಹಿಡಿಯಲಿಲ್ಲ.

ಹಿಡಿಯಲು ಕಾರಣವಿತ್ತು. ಮ್ಯೂಜೆನ್‌ಬರ್ಗ್‌ನಿಂದ ಕೆಲವೇ ಸ್ಟೇಷನ್ ಮುಂದಿನ ಫಿಶ್ ಹೂಕ್‌ನಲ್ಲಿ 2004ರ ನವೆಂಬರ್‌ನಲ್ಲಿ, ದಿನವೂ ಈಜುತ್ತಿದ್ದ ಹಿರಿಯ ಮಹಿಳೆಯೊಬ್ಬರನ್ನು ಶಾರ್ಕ್ ಕೊಂದಿತು. 2010ರ ಜನವರಿಯಲ್ಲಿ ಅದೇ ಕೊಲ್ಲಿಯಲ್ಲಿ ಜಿಂಬಾಬ್ವೆಯಿಂದ ಬಂದ ಪ್ರವಾಸಿಯೊಬ್ಬರು ಶಾರ್ಕ್‌ಗೆ ಬಲಿಯಾದರು. ಮರುವರ್ಷ ಬಿಳಿಯ ಬಾವುಟ ಹಾರುತ್ತಿದ್ದಾಗಲೇ ಇಳಿದ ಇನ್ನೊಬ್ಬರು ಕಾಲು ಕಳೆದುಕೊಂಡರು. ಕಂಡವರ ಕಣ್ಣಿಂದ ಆ ದೃಶ್ಯ ಅಳಿಯುವಂಥದ್ದಲ್ಲ. ಶಾರ್ಕ್‌ಗಳನ್ನು ಕೊಲ್ಲಿ ಎಂದವರ ನೋವನ್ನು ಹಗುರವಾಗಿ ಕಾಣಲಾಗದು. ಆದರೂ ನಗರಪಾಲಿಕೆ 2013ರಲ್ಲಿ ಫಿಶ್ ಹೂಕ್‌ನಲ್ಲಿ ಇಳಿಸಿದ್ದು ಬೇರೆಯೇ ಬಲೆ. ಕಣ್ಣು ಕಿರಿದು, ಹಾಗಾಗಿ ಜೀವಿಗಳು ಸಿಕ್ಕಿಕೊಳ್ಳುವುದು ಅಪರೂಪ. ತಳದಿಂದ ಮೇಲ್ಮೈಯ ತನಕ ನಿಲ್ಲುವುದರಿಂದ ಒಳಗೆ ಈಜುವವರಿಗೆ ನಿಜವಾದ ಬೇಲಿ. ಬೆಳಿಗ್ಗೆ ಹಾಕಿ ಸಂಜೆ ಎಳೆದುಕೊಳ್ಳುತ್ತಿದ್ದರು. ತಿಮಿಂಗಿಲ ಹತ್ತಿರ ಬಂದಿದೆಯೆಂದರೆ ಹಾಕುತ್ತಲೇ ಇರಲಿಲ್ಲ.

ಶಾರ್ಕ್‌ಗಳು ಈ ಕೊಲ್ಲಿಗೆ ಬರುತ್ತಿದ್ದುದು ನಮ್ಮನ್ನು ಹುಡುಕಿಕೊಂಡಲ್ಲ. ದಡದಿಂದ ಐದಾರು ಕಿಲೋಮೀಟರ್ ಆಚೆ ಸೀಲ್ ಐಲ್ಯಾಂಡ್ ಇದೆ: ಮರವಿಲ್ಲ, ಹುಲ್ಲಿಲ್ಲ, ಬರೀ ಬಂಡೆ. ಅದರ ಮೇಲೆ ಅರವತ್ತು ಸಾವಿರಕ್ಕೂ ಹೆಚ್ಚು ಸೀಲ್‌ಗಳು ಒತ್ತೊತ್ತಾಗಿ ಬಿದ್ದುಕೊಂಡು, ಬೊಗಳುತ್ತ, ಗುರುಗುಡುತ್ತ, ಹೇಲಿನ ಘಾಟು ಗಾಳಿಗೆ ಬಿಡುತ್ತ ಇರುತ್ತವೆ. ದೂರದ ಕಡಲಲ್ಲಿ ಮೇದು ಗುಂಪುಗುಂಪಾಗಿ ಮರಳುವ ಸೀಲ್‌ಗಳಿಗೆ ಕೊನೆಯ ನೂರಿನ್ನೂರು ಮೀಟರ್ ಗಂಡಾಂತರ. ಚಳಿಗಾಲದ ನಸುಕು, ನೀರಿನ್ನೂ ಸೀಸದ ಬಣ್ಣ. ಏಳೆಂಟು ಮರಿ ಸೀಲ್‌ಗಳು ಸಾಲಾಗಿ, ನೀರಿನಿಂದ ಚಿಮ್ಮಿ ಚಿಮ್ಮಿ ದ್ವೀಪದತ್ತ ಧಾವಿಸುತ್ತವೆ. ಕೆಳಗಿನ ಕತ್ತಲಿನಿಂದ ನೆಟ್ಟಗೆ ಮೇಲೆದ್ದ ಶಾರ್ಕ್, ಟನ್‌ಗಟ್ಟಲೆ ಮೈ, ಬಾಲದ ತುದಿಯವರೆಗೂ ಗಾಳಿಗೆ ಬಂದು, ಅಡ್ಡಡ್ಡವಾಗಿ ಹೊರಳಿ, ನೀರನ್ನು ಒಡೆದುಕೊಂಡು ಬೀಳುತ್ತದೆ. ಅಧ್ಯಯನ ಮಾಡಿದವರ ಪ್ರಕಾರ ಅರ್ಧಕ್ಕಿಂತ ತುಸು ಹೆಚ್ಚು ಬಾರಿ ಬದುಕುವುದು ಸೀಲ್‌ನ ಮರಿಯೇ. ಬೇಸಿಗೆ ಬಂತೆಂದರೆ ಇದೇ ಶಾರ್ಕ್‌ಗಳು ದ್ವೀಪ ಬಿಟ್ಟು ದಡದ ಹತ್ತಿರ ಮೀನುಗಳ ಹಿಂದೆ ತಿರುಗುತ್ತಿದ್ದವು. ಜನರೂ ನೀರಿಗಿಳಿಯುವ ಕಾಲ ಅದೇ.

ಈ ಒಟ್ಟು ಬಾಳುವೆಗೆ ಒಂದು ಲೆಕ್ಕವಿದೆ. 2010ರಿಂದ 2016ರ ತನಕ ಕಾವಲುಗಾರರ ಕಣ್ಣಿಗೆ ವರ್ಷಕ್ಕೆ ಸರಾಸರಿ 205 ಬಾರಿ ಬಿಳಿ ಶಾರ್ಕ್ ಬಿದ್ದಿದೆ. ಜನರಿಳಿಯುವ ನೀರಿಗೆ ಅಷ್ಟು ಸಲ ಬಂದು, ಬಹುತೇಕ ಪ್ರತಿ ಸಲವೂ ಸುಮ್ಮನೆ ಹೋಗಿದೆ. ಕ್ಯಾಲಿಫೋರ್ನಿಯದ ದಕ್ಷಿಣ ತೀರದಲ್ಲಿ ಡ್ರೋನ್ ಹಾರಿಸಿ ನೋಡಿದವರಿಗೂ ಎಳೆಯ ಬಿಳಿ ಶಾರ್ಕ್‌ಗಳು ಈಜುವವರ ನಡುವೆಯೇ ಹೆಚ್ಚುಕಡಿಮೆ ದಿನವೂ ಓಡಾಡಿಕೊಂಡಿರುವುದು ಕಂಡಿತು.

ಆಮೇಲೆ ಫಾಲ್ಸ್ ಬೇ ಬರಿದಾಯಿತು. 2018ರಲ್ಲಿ ಕಂಡದ್ದು 50 ಬಾರಿ. 2019ರ ಆಗಸ್ಟ್‌ನಲ್ಲಿ ನಗರಪಾಲಿಕೆ ಹೇಳಿಕೆ ಕೊಡುವ ಹೊತ್ತಿಗೆ ಆ ವರ್ಷ ಒಂದೂ ಕಂಡಿರಲಿಲ್ಲ. ಅದೇ ಬಾಯ್ಸ್ ಡ್ರೈವ್, ಅದೇ ಕನ್ನಡಕ, ಅದೇ ಪಾಳಿ; ಕೆಳಗೆ ಮರಳು, ಪಾಚಿ, ಸರ್ಫರ್‌ಗಳು, ಅಷ್ಟೇ. ಬೆನ್ನಿನ ರೆಕ್ಕೆ ಒಂದಕ್ಕೆ ಎಡಕ್ಕೂ ಇನ್ನೊಂದಕ್ಕೆ ಬಲಕ್ಕೂ ಜೋತುಬಿದ್ದ ‘ಪೋರ್ಟ್’ ಮತ್ತು ‘ಸ್ಟಾರ್‌ಬೋರ್ಡ್’ ಎಂಬ ಎರಡು ಗಂಡು ಓರ್ಕಾಗಳು (ಕೊಲೆಗಾರ ತಿಮಿಂಗಿಲಗಳು) 2015ರಿಂದ ಈ ಕರಾವಳಿಯಲ್ಲಿ ಕಾಣಿಸಿಕೊಳ್ಳುತ್ತಿವೆ. 2017ರಲ್ಲಿ ಗಾನ್ಸ್‌ಬಾಯ್ ದಡಕ್ಕೆ ಬಿಳಿ ಶಾರ್ಕ್‌ಗಳ ಹೆಣಗಳು ಬಂದು ಬಿದ್ದವು, ಹೆಚ್ಚಿನವುಗಳಲ್ಲಿ ಯಕೃತ್ತು ನಾಪತ್ತೆ, ಓರ್ಕಾಗಳ ಕೆಲಸ. 2023ರಲ್ಲಿ ಮೊಸೆಲ್ ಬೇಯಲ್ಲಿ ಸ್ಟಾರ್‌ಬೋರ್ಡ್ ಒಂಟಿಯಾಗಿಯೇ ಎಳೆಯ ಶಾರ್ಕೊಂದನ್ನು ಎರಡು ನಿಮಿಷದೊಳಗೆ ಮುಗಿಸಿತು. ಹಾಗೆಂದು ಎಲ್ಲ ಪಾಪವನ್ನೂ ಓರ್ಕಾಗಳ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಶಾರ್ಕ್‌ಗಳು ಪೂರ್ವಕ್ಕೆ ಸರಿದಿವೆಯಷ್ಟೆ ಎನ್ನುವ ವಿಜ್ಞಾನಿಗಳಿದ್ದಾರೆ, ಅವುಗಳ ಸಂಖ್ಯೆಯೇ ಕುಸಿದಿದೆ ಎನ್ನುವವರೂ ಇದ್ದಾರೆ. ಪೂರ್ವಕ್ಕೇ ಸರಿದಿದ್ದರೆ ಅಲ್ಲಿ ಎದುರಾಗುವುದು ಡರ್ಬಾನ್ ಕಡೆಯ ಬಲೆ ಮತ್ತು ಗಾಳಗಳೇ. ಬಿಳಿ ಶಾರ್ಕ್‌ಗಳ ಆಹಾರವಾದ ಸಣ್ಣ ಶಾರ್ಕ್‌ಗಳನ್ನು ಉದ್ದಗಾಳದ ದೋಣಿಗಳು ಬಾಚಿಕೊಂಡು ಹೋಗುತ್ತಿರುವುದೂ ಸುಳ್ಳಲ್ಲ.

ಯಜಮಾನ ಹೋದ ಕೊಲ್ಲಿಯಲ್ಲಿ ಬದಲಾವಣೆ ಬೇಗನೆ ಕಂಡಿತು. ಸೀಲ್ ಐಲ್ಯಾಂಡ್ ಸುತ್ತ ಏಳು ಕಿವಿರುಸೀಳಿನ ಶಾರ್ಕ್‌ಗಳು ಬಂದು ಸೇರಿದವು. ಬಿಳಿ ಶಾರ್ಕ್ ಇದ್ದಾಗ ಅವು ಅತ್ತ ತಲೆ ಹಾಕುತ್ತಿರಲಿಲ್ಲ. ಸೀಲ್‌ಗಳು ತೆರೆದ ನೀರಲ್ಲಿ ನಿರಾಳವಾಗಿ ತೇಲುತ್ತ ಮಲಗತೊಡಗಿದವು. 2020ರ ಆರಂಭದಲ್ಲಿ ದ್ವೀಪದ ಬಳಿ ಒಂದೇ ಒಂದು ಬಿಳಿ ಶಾರ್ಕ್ ಕಂಡಾಗ ಜನ ಅದನ್ನು ಸಂತೋಷದ ಸುದ್ದಿಯಾಗಿ ಹಂಚಿಕೊಂಡರು. ಹಿಂದೆ ದಡ ಖಾಲಿ ಮಾಡಿಸುತ್ತಿದ್ದ ಸುದ್ದಿ ಅದು. ಕಾವಲುಗಾರರು ಈಗಲೂ ಗುಡ್ಡದಲ್ಲಿದ್ದಾರೆ. ಬೇಸಿಗೆಯಲ್ಲಿ ತಾಮ್ರವರ್ಣದ ಶಾರ್ಕ್‌ಗಳು ಬರುತ್ತವೆ, ಅವನ್ನೂ ಬರೆದಿಡುತ್ತಾರೆ.

ಹೆಣ್ಣು ಬಿಳಿ ಶಾರ್ಕ್ ಪ್ರಾಯಕ್ಕೆ ಬರಲು ಮೂವತ್ತಕ್ಕೂ ಹೆಚ್ಚು ವರ್ಷ ಬೇಕು. ಈ ವರ್ಷ ಹುಟ್ಟಿದ ಮರಿ ಅಷ್ಟು ಕಾಲ ಓರ್ಕಾಗಳ ಕಣ್ಣು ತಪ್ಪಿಸಿ ಬದುಕಬಹುದು, ಅದು ಅದರ ಪಾಡು. ಆದರೆ ಡರ್ಬಾನ್‌ನ ಬಲೆಗಳು ನಾವು ಹಾಕಿದವು. ಕೊಲ್ಲದ ಬಲೆಯೂ ಉಂಟೆಂದು ಫಿಶ್ ಹೂಕ್ ತೋರಿಸಿಕೊಟ್ಟಿದೆ. ಅಬ್ಬರದ ಅಲೆಯ ತೀರಗಳಲ್ಲಿ ಅದು ನಿಲ್ಲಲಾರದು ಎನ್ನುವುದೂ ನಿಜವೇ. ಅಲ್ಲಿಗೆ ಡ್ರೋನ್ ಇದೆ, ಎತ್ತರ ಸಿಕ್ಕಲ್ಲಿ ಕಾವಲು ಕೂರಬಹುದು, ನೀರು ಕದಡಿದ ದಿನ ಕಪ್ಪು ಬಾವುಟ ಹಾರಿಸಬಹುದು. ಕೊಲ್ಲುವ ಬಲೆಗಳನ್ನು ಒಂದೊಂದಾಗಿ ಮೇಲೆತ್ತುವ ಕೆಲಸ ಈಗಲೇ ಶುರುವಾಗಬೇಕು.