ಮೊದಲು ಕೆರೆ, ಆಮೇಲೆ ಊರು

ಊರಿನ ಹೆಸರಿನಲ್ಲೇ ಊರಿನ ಚರಿತ್ರೆ ಅಡಗಿರುತ್ತದೆ ಎನ್ನುವುದುಂಟು. ಚಿತ್ರದುರ್ಗ ಜಿಲ್ಲೆಯ ಮಟ್ಟಿಗೆ ಈ ಮಾತು ನಿಜ. ಹಳಗನ್ನಡದಲ್ಲಿ ಪೊಳಲ್ ಅಂದರೆ ಪಟ್ಟಣ. ಅದೇ ಮುಂದೆ ಹೊಳಲು ಆಯಿತು. ಹೊಳಲ್ಕೆರೆ ಎಂದರೆ ಪಟ್ಟಣದ ಕೆರೆ. ಚಳ್ಳಕೆರೆಯ ಹೆಸರಿನಲ್ಲೂ ಕೆರೆಯಿದೆ. ಭರಮಸಾಗರ, ಭೀಮಸಮುದ್ರಗಳಿಗೆ ಬಂದರೆ ಕೆರೆಯೇ ಕಡಲಾಗಿದೆ. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನಷ್ಟೂ ಮಳೆ ಕಾಣದ ಈ ಸೀಮೆಯಲ್ಲಿ ಜನ ತಮ್ಮ ಕೆರೆಗಳನ್ನು ಸಾಗರ, ಸಮುದ್ರ ಎಂದು ಕರೆದದ್ದು ಬರೀ ಹೆಮ್ಮೆಯಿಂದಲ್ಲ. ನೀರು ನಿಂತರೆ ಮಾತ್ರ ಊರು ನಿಲ್ಲುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು.

ಈ ತಿಳಿವಳಿಕೆ ಎಷ್ಟು ಹಳೆಯದು ಎಂಬುದಕ್ಕೆ ದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಬಂಡೆಯ ಮೇಲೆ ಕೊರೆದ ಸಾಕ್ಷಿಯಿದೆ. ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಪ್ರಾಕೃತ ಶಾಸನ ಅದು. ಕಾಲ ಸುಮಾರು ನಾಲ್ಕನೆಯ ಶತಮಾನ. ಅದು ಹೇಳುವ ಮುಖ್ಯ ಸಂಗತಿ ಒಂದು ಕೆರೆಯದು. ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ ಅವರು, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿ, ಅಲ್ಲಿ ಅದಕ್ಕೂ ಹಿಂದಿನಿಂದ ಜನ ನೆಲೆಸಿದ್ದರು ಎಂಬುದನ್ನು ತೋರಿಸಿದರು.

ಪಾಳೆಯಗಾರರ ಕಾಲದಲ್ಲೂ ಇದೇ ಕ್ರಮ. ಏಳುಸುತ್ತಿನ ಕೋಟೆ ಎಂದರೆ ಎಲ್ಲರ ಕಣ್ಣ ಮುಂದೆ ಬರುವುದು ಗೋಡೆ, ಬುರುಜು, ಬಾಗಿಲುಗಳು. ಆದರೆ ಆ ಗೋಡೆಗಳ ಒಳಗಿದ್ದವರು ಮುತ್ತಿಗೆಗಳನ್ನು ತಾಳಿಕೊಂಡದ್ದು ಹೊಂಡಗಳ ಬಲದಿಂದ. ಬಂಡೆಗಳ ಮೇಲೆ ಬಿದ್ದ ಮಳೆನೀರು ಮೇಲಿನ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿ ಉಕ್ಕಿದ್ದು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ನಡುವಿನ ಸಂತೆ ಹೊಂಡಕ್ಕೆ. ಪಂಪು ಬೇಡ, ಕರೆಂಟು ಬೇಡ. ನೆಲದ ಇಳಿಜಾರೇ ಸಾಕು. ಮೇಲಿನವರು ಕೊಳೆ ಮಾಡಿದರೆ ಕೆಳಗಿನವರು ಅದನ್ನೇ ಕುಡಿಯಬೇಕಾಗುತ್ತಿತ್ತು. ಹಾಗಾಗಿ ನೀರಿನ ಏರ್ಪಾಟಿನ ಜೊತೆಗೆ ಒಂದು ಬಗೆಯ ಊರ ಕಟ್ಟುಪಾಡೂ ಬೆಳೆಯಲೇಬೇಕಿತ್ತು.

ಊರಿನ ಜನಸಂಖ್ಯೆ ಯಾವಾಗಲೂ ಏರುಮುಖವಾಗಿಯೇ ಇರುತ್ತದೆ ಎಂದೇನಿಲ್ಲ. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದು ಮದಕರಿನಾಯಕನನ್ನು ಸೆರೆಹಿಡಿದ ಮೇಲೆ, ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದು ಹಳೆಯ ಇತಿಹಾಸ ಗ್ರಂಥಗಳು ದಾಖಲಿಸಿವೆ. ಹೊಂಡಗಳಲ್ಲಿ ನೀರು ಹಾಗೇ ಇತ್ತು. ಕುಡಿಯುವ ಜನ ಇರಲಿಲ್ಲ. ಆಮೇಲೆ ದುರ್ಗ ಬಹಳ ಕಾಲ ಚಿಕ್ಕ ಪಟ್ಟಣವಾಗಿಯೇ ಉಳಿಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಊರುಗಳ ಹಣೆಬರಹ ಬರೆಯುವ ಹೊಸ ಶಕ್ತಿಯೊಂದು ಬಂತು. ಅದು ರೈಲು. ಬೆಂಗಳೂರಿನಿಂದ ಅರಸೀಕೆರೆ, ಬೀರೂರು ದಾಟಿ ಹರಿಹರದತ್ತ ಹೋದ ಹಳಿ ಜಿಲ್ಲೆಯ ಪಶ್ಚಿಮ ಅಂಚನ್ನು ಹಿಡಿದು ಸಾಗಿತು. ಕರಿಸಿದ್ಧೇಶ್ವರನ ಬೆಟ್ಟದ ಸೆರಗಿನ ರಾಮಗಿರಿಯಂಥ ಹೋಬಳಿ ಊರಿಗೆ ನಿಲ್ದಾಣ ದೊರಕಿತು. ಜಿಲ್ಲಾ ಕೇಂದ್ರವಾದ ದುರ್ಗ ಮಾತ್ರ ಮುಖ್ಯ ಹಳಿಯಿಂದ ಹೊರಗೇ ಉಳಿದು, ಚಿಕ್ಕಜಾಜೂರಿನಿಂದ ಬರುವ ಕವಲು ಹಳಿಗೆ 1920ರ ದಶಕದವರೆಗೆ ಕಾಯಬೇಕಾಯಿತು. ಹೊಸದುರ್ಗಕ್ಕೆ ಸಿಕ್ಕಿದ್ದು 'ಹೊಸದುರ್ಗ ರೋಡ್' ಎಂಬ ನಿಲ್ದಾಣದ ಹೆಸರು ಮಾತ್ರ. ರೈಲು ಇಳಿದವರು ಅಲ್ಲಿಂದ ಪೇಟೆಗೆ ಮತ್ತೆ ಪ್ರಯಾಣ ಮಾಡಬೇಕು.

ಅದೇ ಹಳಿಯ ಮೇಲಿದ್ದ ದಾವಣಗೆರೆ ಹತ್ತಿಯ ವ್ಯಾಪಾರ, ಗಿರಣಿಗಳಿಂದ ಬೆಳೆಯಿತು. ಮುಂದೆ ಭದ್ರಾ ಕಾಲುವೆಯ ನೀರೂ ಸುತ್ತಲಿನ ಗದ್ದೆಗಳಿಗೆ ಬಂತು. ತಾಲ್ಲೂಕು ಕೇಂದ್ರವಾಗಿದ್ದ ಊರು ಜಿಲ್ಲಾ ಕೇಂದ್ರವನ್ನೇ ಹಿಂದೆ ಹಾಕಿತು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ ನಾಲ್ಕು ಲಕ್ಷ 30 ಸಾವಿರ ದಾಟಿದ್ದರೆ, ಚಿತ್ರದುರ್ಗದ್ದು ಸುಮಾರು ಒಂದು ಲಕ್ಷ 45 ಸಾವಿರ. ಊರು ಬೆಳೆಯಲು ಕಚೇರಿಗಳು ಸಾಲವು, ದಾರಿ ಮತ್ತು ನೀರು ಎರಡೂ ಕೂಡಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ದುರ್ಗಕ್ಕೆ ದಾರಿಯ ಭಾಗ್ಯ ಬಂದದ್ದು ರಸ್ತೆಯ ರೂಪದಲ್ಲಿ. ಬೆಂಗಳೂರು-ಪುಣೆ ಹೆದ್ದಾರಿಯೂ ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುವ ಹಳೆಯ ಹೆದ್ದಾರಿಯೂ ಕೂಡುವುದು ಇಲ್ಲೇ. ಸುವರ್ಣ ಚತುಷ್ಪಥ ಯೋಜನೆಯಲ್ಲಿ ಬೆಂಗಳೂರಿನ ದಾರಿ ಅಗಲವಾದ ಮೇಲೆ ಹಿರಿಯೂರು, ಚಿತ್ರದುರ್ಗಗಳು ರಾಜಧಾನಿಗೆ ಹತ್ತಿರವಾದವು. ತುಮಕೂರಿನಿಂದ ಸಿರಾ, ಹಿರಿಯೂರು, ಚಿತ್ರದುರ್ಗಗಳ ಮೂಲಕ ದಾವಣಗೆರೆಗೆ ನೇರ ರೈಲು ಮಾರ್ಗಕ್ಕೆ 2011-12ರಲ್ಲಿ ಮಂಜೂರಾತಿ ದೊರೆಯಿತು. ಸುಮಾರು 190 ಕಿಲೋಮೀಟರಿನ ಈ ಹಳಿಯ ಕಾಮಗಾರಿ ನಿಧಾನವಾಗಿ ಸಾಗಿ ಬಂದಿದೆ. ಚಳ್ಳಕೆರೆಯ ಕುದಾಪುರದ ಕಡೆ ಹಳೆಯ ಅಮೃತಮಹಲ್ ಕಾವಲುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಬಾಬಾ ಅಣು ಸಂಶೋಧನಾ ಕೇಂದ್ರ, ಇಸ್ರೋ, ರಕ್ಷಣಾ ಸಂಶೋಧನಾ ಸಂಸ್ಥೆಗಳಿಗೆ ನೆಲ ಕೊಡಲಾಯಿತು. ಹೀಗೆ ದಾರಿ ಬಂದಾಗ, ಸಂಸ್ಥೆ ಬಂದಾಗ, ಬರುತ್ತದೆ ಎಂಬ ಸುದ್ದಿ ಬಂದಾಗ ಕೂಡ ಮೊದಲು ಏರುವುದು ನೆಲದ ಬೆಲೆ.

ಜನಗಣತಿಯ ಅಂಕಿಗಳು ಇಲ್ಲಿ ಒಂದು ಕುತೂಹಲದ ಚಿತ್ರ ಕೊಡುತ್ತವೆ. 2001 ಮತ್ತು 2011ರ ನಡುವೆ ಇಡೀ ಜಿಲ್ಲೆಯ ಜನಸಂಖ್ಯೆ ಬೆಳೆದದ್ದು ಶೇ. 9ರಷ್ಟು ಮಾತ್ರ; ರಾಜ್ಯದ ಬೆಳವಣಿಗೆ ಶೇ. 15ಕ್ಕೂ ಹೆಚ್ಚು. ಅಂದರೆ ಜಿಲ್ಲೆಯ ಜನ ಬೇರೆಡೆಗೆ ದುಡಿಯಲು ಹೋಗುತ್ತಿದ್ದರು. ಆದರೆ ಅದೇ ಅವಧಿಯಲ್ಲಿ ಚಿತ್ರದುರ್ಗ ನಗರ ಸುಮಾರು ಒಂದೂಕಾಲು ಲಕ್ಷದಿಂದ ಒಂದು ಲಕ್ಷ 45 ಸಾವಿರಕ್ಕೆ, ಹಿರಿಯೂರು ಸುಮಾರು 49 ಸಾವಿರದಿಂದ 56 ಸಾವಿರಕ್ಕೆ, ಹೊಸದುರ್ಗ 22 ಸಾವಿರದಿಂದ 28 ಸಾವಿರಕ್ಕೆ ಏರಿದವು. ಹಳ್ಳಿಯಿಂದ ಹೊರಟವರಲ್ಲಿ ಒಂದು ಪಾಲು ಬೆಂಗಳೂರಿಗೆ ಹೋದರೆ ಇನ್ನೊಂದು ಪಾಲು ಹತ್ತಿರದ ಪಟ್ಟಣದಲ್ಲೇ ನಿಂತಿತು. ಮಕ್ಕಳ ಶಾಲೆ, ಆಸ್ಪತ್ರೆ, ಬತ್ತಿದ ಕೊಳವೆಬಾವಿ, ಕಾರಣಗಳು ಬೇರೆ ಬೇರೆ. ಸೇರುವ ಜಾಗ ಮಾತ್ರ ಒಂದೇ: ಪಟ್ಟಣದ ಅಂಚಿನ ಮೂವತ್ತು-ನಲವತ್ತರ ನಿವೇಶನ.

ಈ ನಿವೇಶನ ಹುಟ್ಟುವ ಬಗೆಯನ್ನು ತಿಳಿದರೆ ಮುಂದಿನ ತೊಡಕು ಅರ್ಥವಾಗುತ್ತದೆ. ಕಾನೂನಿನ ದಾರಿ ಹೀಗಿದೆ: ಹೊಲವನ್ನು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ಕೃಷಿಯೇತರ ಬಳಕೆಗೆ ಪರಿವರ್ತಿಸಬೇಕು. ಬಳಿಕ ಯೋಜನಾ ಪ್ರಾಧಿಕಾರ ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡಬೇಕು. ರಸ್ತೆ, ಚರಂಡಿ, ನೀರಿನ ಕೊಳವೆ, ಉದ್ಯಾನಕ್ಕೆ ಜಾಗ, ಎಲ್ಲ ಆದ ಮೇಲೆ ನಿವೇಶನ ಮಾರಾಟಕ್ಕೆ ಸಿದ್ಧ. ಇದಕ್ಕೆ ಕಾಲ ಬೇಕು, ಹಣ ಬೇಕು. ಹಾಗಾಗಿ ಇನ್ನೊಂದು ದಾರಿ ಹುಟ್ಟಿಕೊಂಡಿತು. ಹೊಲಕ್ಕೆ ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು, ತುಂಡು ತುಂಡಾಗಿ ಮಾರುವುದು. ಜನರ ಬಾಯಲ್ಲಿ ಇದಕ್ಕೆ 'ರೆವಿನ್ಯೂ ಸೈಟು' ಎಂದು ಹೆಸರು. ಬೆಲೆ ಕಡಿಮೆ ಎಂದು ಕೊಳ್ಳುವವನು ಬಡವ ಅಥವಾ ಕೆಳಮಧ್ಯಮ ವರ್ಗದವನು. ಆ ಕಡಿಮೆ ಬೆಲೆಯಲ್ಲಿ ಬಿಟ್ಟುಹೋದದ್ದು ಚರಂಡಿ ಮತ್ತು ನೀರು ಎಂಬುದು ಅವನಿಗೆ ಗೊತ್ತಾಗುವುದು ಮನೆ ಕಟ್ಟಿದ ಮೇಲೆ. ಇಂಥ ಆಸ್ತಿಗಳಿಗೆ ದಾಖಲೆ ಕೊಡಲು 2025ರಲ್ಲಿ ರಾಜ್ಯ ಸರ್ಕಾರ ಬಿ-ಖಾತೆಯ ಅವಕಾಶ ತಂದಿತು. ಕಾಗದಕ್ಕೆ ಪರಿಹಾರ ಸಿಕ್ಕೀತು. ಖಾತೆ ಬಂದ ಮಾತ್ರಕ್ಕೆ ಕೊಳಾಯಿಯಲ್ಲಿ ನೀರು ಬರುವುದಿಲ್ಲ.

ಹಾಗಾದರೆ ನೀರೇ ಇಲ್ಲವೇ? ಇಲ್ಲಿ ಒಂದು ಲೆಕ್ಕ ನೋಡಬಹುದು. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದಲ್ಲಿ ಸುಮಾರು 30 ಟಿಎಂಸಿ ಅಡಿ ನೀರು ಹಿಡಿಯುತ್ತದೆ. ನಗರವಾಸಿಗೆ ದಿನಕ್ಕೆ 135 ಲೀಟರ್ ಬೇಕೆಂಬುದು ಒಳಚರಂಡಿಯುಳ್ಳ ಪಟ್ಟಣಗಳಿಗೆ ಸರ್ಕಾರಿ ಮಾನದಂಡ. ಒಂದೂವರೆ ಲಕ್ಷ ಜನರಿಗೆ ದಿನಕ್ಕೆ ಎರಡು ಕೋಟಿ ಲೀಟರ್ ಆಯಿತು. ವರ್ಷಕ್ಕೆ ಗುಣಿಸಿದರೆ ಸುಮಾರು ಕಾಲು ಟಿಎಂಸಿ ಅಡಿ. ಅಂದರೆ ತುಂಬಿದ ಸಾಗರದ ನೂರರಲ್ಲಿ ಒಂದು ಪಾಲು ಸಾಕು, ಇಡೀ ದುರ್ಗ ವರ್ಷವಿಡೀ ಕುಡಿಯಬಹುದು.

ತೊಡಕು ಇರುವುದು 'ತುಂಬಿದ' ಎಂಬ ಮಾತಿನಲ್ಲಿ. ಈ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಬಳಿಕ 2025ರಲ್ಲೂ ಆ ಭಾಗ್ಯ ಕಂಡಿತು. ನಡುವಿನ ಬರಗಾಲಗಳಲ್ಲಿ ನೀರು ತಳ ಹತ್ತಿದ ದಿನಗಳೂ ಇದ್ದವು. ಭದ್ರಾ ಮೇಲ್ದಂಡೆ ಯೋಜನೆಯ ನೀರು 2019ರಿಂದ ಹರಿದುಬರತೊಡಗಿದ್ದು ದೊಡ್ಡ ಆಸರೆಯಾಯಿತು. ನಗರಕ್ಕೆ ನೀರು ಕೊಡುವ ಇನ್ನೊಂದು ಮೂಲ ಚನ್ನಗಿರಿ ಕಡೆಯ ಸೂಳೆಕೆರೆ, ಅಂದರೆ ಶಾಂತಿಸಾಗರ. ಅದಕ್ಕೂ ಭದ್ರಾ ಕಾಲುವೆಯ ಆಶ್ರಯವಿದೆ. ಕೋಟೆಯ ಹೊಂಡದಿಂದ ನೀರು ಇಳಿದು ಪೇಟೆಗೆ ಬರುತ್ತಿದ್ದ ಊರಿಗೆ ಈಗ ಹತ್ತಾರು ಕಿಲೋಮೀಟರು ದೂರದಿಂದ ನೀರನ್ನು ಎತ್ತಿ ತರಬೇಕು. ಆ ಕೊಳವೆಯ ಕೊನೆಯ ತುದಿಯಲ್ಲಿರುವುದು ಹೊಸ ಬಡಾವಣೆ.

ದೂರದಿಂದ ನೀರು ತರುವುದು ಅಸಾಧ್ಯವೇನಲ್ಲ. ಮಾರಿಕಣಿವೆಯ ಕೆಲಸ ಶುರುವಾದ ಹೊತ್ತಿಗೇ ಆಸ್ಟ್ರೇಲಿಯಾದ ಪಶ್ಚಿಮ ಭಾಗದಲ್ಲಿ ಇಂಥದೇ ಸಾಹಸವೊಂದು ನಡೆದಿತ್ತು. ಕಾಲ್ಗೂರ್ಲಿ ಎಂಬಲ್ಲಿ 1893ರಲ್ಲಿ ಚಿನ್ನ ಸಿಕ್ಕಿತು. ಸಾವಿರಾರು ಜನ ಮರುಭೂಮಿಗೆ ನುಗ್ಗಿದರು. ಕುಡಿಯಲು ನೀರಿಲ್ಲ, ಕೊಳೆನೀರಿನಿಂದ ವಿಷಮಶೀತ ಜ್ವರ. ಸಿ.ವೈ. ಓಕಾನರ್ ಎಂಬ ಇಂಜಿನಿಯರ್ ಪರ್ತ್ ನಗರದ ಬಳಿ ಅಣೆಕಟ್ಟು ಕಟ್ಟಿಸಿ, ಎಂಟು ಪಂಪ್ ಠಾಣೆಗಳ ಮೂಲಕ ಸುಮಾರು 530 ಕಿಲೋಮೀಟರು ದೂರ ನೀರು ಸಾಗಿಸುವ ಯೋಜನೆ ಹಾಕಿದ. 1903ರಲ್ಲಿ ನೀರು ತಲುಪಿತು. ಟೀಕೆಗಳಿಂದ ನೊಂದಿದ್ದ ಓಕಾನರ್ ಹಿಂದಿನ ವರ್ಷವೇ ಪ್ರಾಣ ಕಳೆದುಕೊಂಡಿದ್ದ. ಜನ ಮೊದಲು ಬಂದು ನೀರು ಆಮೇಲೆ ಬಂದರೂ ಊರು ಉಳಿಯಬಹುದು ಎಂದು ಕಾಲ್ಗೂರ್ಲಿ ತೋರಿಸಿತು. ಆದರೆ ನಡುವಿನ ಆ ಹತ್ತು ವರ್ಷಗಳ ಬೆಲೆಯನ್ನು ತೆತ್ತವರು ಅಲ್ಲಿಯ ಸಾಮಾನ್ಯ ಜನ.

ಆ ಬೆಲೆ ಏನೆಂಬುದು ದುರ್ಗಕ್ಕೂ ತಿಳಿಯಿತು. 2023ರ ಆಗಸ್ಟ್ ಮೊದಲ ದಿನಗಳಲ್ಲಿ ನಗರದ ಅಂಚಿನ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಹಲವರು ಸತ್ತರು. ಮೈಲುಗಟ್ಟಲೆ ದೂರದಿಂದ ನೀರು ತರುವ ವ್ಯವಸ್ಥೆಯ ಭದ್ರತೆ ಮನೆಬಾಗಿಲಿನ ಕೊನೆಯ ಕೆಲವು ಮಾರುಗಳಲ್ಲಿ ನಿರ್ಧಾರವಾಗುತ್ತದೆ ಎಂಬುದನ್ನು ಈ ದುರಂತ ನೆನಪಿಸಿತು. ಮನೆಗೆ ಬಂದ ನೀರಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಕೊಳೆನೀರಾಗಿ ಹೊರಗೆ ಹೋಗುತ್ತದೆಂಬುದು ಇಂಜಿನಿಯರುಗಳ ಲೆಕ್ಕ. ಎರಡು ಕೋಟಿ ಲೀಟರ್ ತಂದರೆ ಒಂದು ಕೋಟಿ 60 ಲಕ್ಷ ಲೀಟರ್ ಹೋಗಲು ದಾರಿ ಬೇಕು. ದಾರಿ ಇಲ್ಲದಿದ್ದರೆ ಅದು ತಾನೇ ದಾರಿ ಹುಡುಕಿಕೊಳ್ಳುತ್ತದೆ: ತಗ್ಗಿನ ಕೆರೆಗೆ, ಬಾವಿಗೆ, ಒಡೆದ ಕೊಳವೆಗೆ.

ಪಟ್ಟಣದ ಮಾತು ಹೀಗಾದರೆ ರಾಮಗಿರಿಯಂಥ ಹೋಬಳಿ ಕೇಂದ್ರಗಳದು ಇನ್ನೊಂದು ಕಥೆ. ಲೆಕ್ಕಕ್ಕೆ ಅವು ಹಳ್ಳಿಗಳೇ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಎಣಿಸುತ್ತದೆ. ಆದರೆ ರೈಲು ನಿಲ್ದಾಣ, ಪೇಟೆ ಬೀದಿ, ಶಾಲೆಗಳಿರುವ ಹೋಬಳಿ ಊರು ಮನೆ ಕಟ್ಟುವ ರೀತಿಯಲ್ಲಿ, ನೀರು ಬಳಸುವ ರೀತಿಯಲ್ಲಿ ದಿನದಿನಕ್ಕೆ ಪಟ್ಟಣದತ್ತ ಸರಿಯುತ್ತದೆ. ಮನೆಗಳು ಪಟ್ಟಣದವು, ನೀರಿನ ಅಳತೆ ಹಳ್ಳಿಯದು. ಒಳಚರಂಡಿಯಂತೂ ಯೋಜನೆಯಲ್ಲೇ ಇಲ್ಲ. ಉಳಿದ ಕೊರತೆಯನ್ನು ಕೊಳವೆಬಾವಿ ತುಂಬಬೇಕು. ಜಿಲ್ಲೆಯ ಬಹುಭಾಗದಲ್ಲಿ ಅಂತರ್ಜಲ ಈಗಾಗಲೇ ಅತಿಬಳಕೆಯ ಪಟ್ಟಿಗೆ ಸೇರಿದೆ; ಎಷ್ಟೋ ಕಡೆ ಆಳಕ್ಕೆ ಹೋದಂತೆ ಫ್ಲೋರೈಡಿನ ಕಾಟವೂ ಇದೆ.

ಯೋಜನೆ ಹಾಕುವವರಿಗೂ ಒಂದು ಕಷ್ಟವಿತ್ತು. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗದೆ 2027ಕ್ಕೆ ಹೋಯಿತು. ಅಷ್ಟು ವರ್ಷ ಕೊಳವೆಯ ಅಗಲ, ಟ್ಯಾಂಕಿನ ಎತ್ತರ, ಅನುದಾನದ ಮೊತ್ತ ಎಲ್ಲವೂ 2011ರ ಜನರನ್ನು ಆಧಾರವಾಗಿ ಇಟ್ಟುಕೊಂಡು ಅಂದಾಜಿನ ಮೇಲೆ ನಿಂತವು. ಅಂದಾಜಿಗೆ ಸಿಗದೆ ಹೋಗುವುದು ಪಟ್ಟಣದ ಅಂಚೇ. ಏಕೆಂದರೆ 2011ರಲ್ಲಿ ಅಲ್ಲಿದ್ದದ್ದು ಜೋಳ, ಕಡಲೆಯ ಹೊಲ.

ಹಿಂದಿನವರದೆಲ್ಲ ಚೆನ್ನ, ಇಂದಿನದೆಲ್ಲ ಕೆಟ್ಟದ್ದು ಎಂದು ಹೇಳುವುದು ಇಲ್ಲಿಯ ಉದ್ದೇಶವಲ್ಲ. ಪಾಳೆಯಗಾರರ ಹೊಂಡಗಳು ಒಂದೂವರೆ ಲಕ್ಷ ಜನಕ್ಕೆ ಸಾಲುವುದಿಲ್ಲ. ಊರಿನ ಬಾಗಿಲು ಹಾಕಿಕೊಂಡು ಇನ್ನು ಯಾರೂ ಬರಬೇಡಿ ಎನ್ನುವುದಕ್ಕೂ ಆಗದು. ಆದರೆ ಕೆಲಸದ ಸರದಿ ಮಾತ್ರ ಹಳಬರಿಂದ ಕಲಿಯಬಹುದಾದದ್ದು. ಅವರು ಮೊದಲು ನೀರು ನಿಲ್ಲಿಸಿದರು, ಉಕ್ಕಿದ ನೀರಿಗೆ ದಾರಿ ಮಾಡಿದರು, ಆಮೇಲೆ ಮನೆ ಕಟ್ಟಿದರು. ಈಗ ಮೊದಲು ಗೆರೆ ಎಳೆದು ನಿವೇಶನ ಮಾರುತ್ತಾರೆ, ಆಮೇಲೆ ಮನೆ, ಆಮೇಲೆ ಅರ್ಜಿ, ಕೊನೆಗೆ ಟ್ಯಾಂಕರು. ಬಡಾವಣೆಯ ನಕ್ಷೆಗೆ ಒಪ್ಪಿಗೆಯ ಮುದ್ರೆ ಒತ್ತುವ ಮೊದಲು ಎರಡೇ ಪ್ರಶ್ನೆ ಕೇಳಿದರೆ ಸಾಕು: ಇಲ್ಲಿಗೆ ನೀರು ಎಲ್ಲಿಂದ ಬರುತ್ತದೆ? ಇಲ್ಲಿಂದ ಎಲ್ಲಿಗೆ ಹೋಗುತ್ತದೆ? ಕೆರೆಯನ್ನು ಹೆಸರಿನಲ್ಲೇ ಹೊತ್ತಿರುವ ಊರುಗಳ ಸೀಮೆಗೆ ಈ ಪ್ರಶ್ನೆಗಳು ಹೊಸವಲ್ಲ.